ಆಯಿಯ ಅಂಕಿತ

ಅಗರಖೇಡದೊಳಗೆ ನನ್ನನ್ನು ಯಾರೂ ಅಗರಖೇಡ ಎಂದು ಕರೆಯುವುದಿಲ್ಲ. ಅಲ್ಲಿ ನಾನು 'ಮಾಸ್ತರ ಮನಿ ಸಣ್ಣಾವ'. ಕಾಲೇಜಿಗೆಂದು ಟ್ರಂಕು ಹೊತ್ತು ಆಗಿನ ಬಿಜಾಪುರದ ಹಾಸ್ಟೆಲು ಸೇರಿದಾಗ ನನ್ನ ಹೆಸರಿನವರು ಅಲ್ಲಿ ಇನ್ನೂ ಇಬ್ಬರಿದ್ದರು. ಒಬ್ಬ ಮುದ್ದೇಬಿಹಾಳದವನಾದ, ಇನ್ನೊಬ್ಬ ಸಿಂದಗಿಯವನಾದ, ನಾನು ಅಗರಖೇಡನಾದೆ. ಊರು ಬಿಟ್ಟವನಿಗಷ್ಟೇ ಊರ ಹೆಸರು ಅಂಟುತ್ತದೆ. ಊರಿನ ಹೆಸರಿಗೂ ಇದೇ ಪಾಡು: ಭೀಮೆಯ ದಂಡೆಗೆ ಅಗರಖೇಡವಿದೆ, ಧೂಳಖೇಡವಿದೆ, ಹೊಳೆ ದಾಟಿ ಮಹಾರಾಷ್ಟ್ರಕ್ಕೆ ಹೋದರೆ ಪುಣೆ ಜಿಲ್ಲೆಯಲ್ಲೊಂದು, ರತ್ನಾಗಿರಿ ಜಿಲ್ಲೆಯಲ್ಲೊಂದು ಬರೀ ಖೇಡ. ಬಸ್‌ಸ್ಟ್ಯಾಂಡಿನಲ್ಲಿ ನಿಂತು 'ಖೇಡಕ್ಕ ಒಂದ್ ಟಿಕೀಟ ಕೊಡ್ರಿ' ಎಂದರೆ ಕಂಡಕ್ಟರು ನಮ್ಮ ಮುಖ ನೋಡುತ್ತಾನೆ.

ಇಷ್ಟನ್ನು ಅರವತ್ತು ವರ್ಷ ತಿಳಿದುಕೊಂಡೇ ಬದುಕಿದವನು, ಕಂಪ್ಯೂಟರಿನ ಮುಂದೆ ಕೂತಾಗ ಮಾತ್ರ ಮರೆತೆ.

2020ರ ಅಕ್ಟೋಬರ್‌ನಲ್ಲಿ ಉಜನಿ ಮತ್ತು ವೀರ್ ಜಲಾಶಯಗಳಿಂದ ಬಿಟ್ಟ ನೀರು ಭೀಮೆಯ ಎರಡೂ ದಂಡೆ ಮೀರಿ ಬಂತು. ಹೊಲದ ಮನೆಯ ಅಟ್ಟಕ್ಕೆ ನೀರು ಮುಟ್ಟಲಿಲ್ಲ, ಆದರೆ ಅಟ್ಟದ ಮೇಲಿದ್ದ ಪೆಟ್ಟಿಗೆಯನ್ನು ಇಳಿಸಿ ಸಾಗಿಸುವ ಗಡಿಬಿಡಿಯಲ್ಲಿ ಅದು ನೀರಿಗೆ ಬಿತ್ತು. ಉಳಿಸಲು ಹೋಗಿಯೇ ನೆನೆಸಿದೆವು. ಅದರೊಳಗೆ ಕೆಂಪು ಬಟ್ಟೆಯ ರಟ್ಟಿನ ಒಂದು ಖಾತೆ ಪುಸ್ತಕ. ಆಯಿ, ಎಂದರೆ ನಮ್ಮ ಅಜ್ಜಿ, ಹಾಡುತ್ತಿದ್ದ ವಚನಗಳನ್ನೂ ಪದಗಳನ್ನೂ ಅಪ್ಪ ಕೂತು ಬರೆದುಕೊಂಡಿದ್ದು. ಆಯಿಗೆ ಅಕ್ಷರ ಬರುತ್ತಿರಲಿಲ್ಲ. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರ. ಆಕೆ ಏನು ಅಂದಳೋ ಅದನ್ನೇ ನೀಲಿ ಮಸಿಯಲ್ಲಿ ಬರೆದ. ಆಮೇಲೆ ಹಳಕಟ್ಟಿಯವರ ವಚನಶಾಸ್ತ್ರಸಾರ ತೆರೆದಿಟ್ಟುಕೊಂಡು ಹೋಲಿಸಿದ. ಎಲ್ಲಿ ಹೊಂದಲಿಲ್ಲವೋ ಅಲ್ಲಿ ಅಂಚಿನಲ್ಲಿ ಕೆಂಪು ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ.

ಪುಸ್ತಕವನ್ನು ಇಂಡಿ ಪಟ್ಟಣದ ಮನೆಯ ಮಾಳಿಗೆ ಮೇಲೆ ಹಾಳೆ ಹಾಳೆ ಬಿಡಿಸಿ ಒಣಗಿಸಿದೆವು. ಮಸಿ ನೀರಿಗೆ ಹರಡುತ್ತದೆ, ಮೇಣದ ಪೆನ್ಸಿಲು ಹರಡುವುದಿಲ್ಲ. ಎಷ್ಟೋ ಪುಟಗಳಲ್ಲಿ ಆಯಿಯ ಮಾತು ನೀಲಿ ಮೋಡವಾಗಿ ಹೋಗಿತ್ತು, ಅಪ್ಪನ ಪ್ರಶ್ನೆಗಳು ಮಾತ್ರ ನಿನ್ನೆ ಹಾಕಿದಂತೆ ನಿಂತಿದ್ದವು. ಉಳಿದದ್ದನ್ನಾದರೂ ಟೈಪು ಮಾಡಿಡೋಣ ಎಂದು ಶುರುಮಾಡಿದೆ. ಓದಲು ಬಂದವು 212.

ಧಾರವಾಡದಲ್ಲಿ ಗ್ರಂಥಸಂಪಾದನೆ ಕಲಿಸುವ ಗೆಳೆಯನೊಬ್ಬ, ವರ್ಡ್ ಫೈಲಿನಲ್ಲಿ ಹೊಡೆದು ಕೆಡಬೇಡ, ಎಕ್ಸ್‌ಎಂಎಲ್‌ನಲ್ಲಿ ಬರೆ ಎಂದ. ಹಸ್ತಪ್ರತಿಗಳನ್ನು ಗುರುತಿಸಿಡಲು ಜಗತ್ತಿನ ವಿದ್ವಾಂಸರು ಬಳಸುವ ಟಿಇಐ ಎಂಬ ಪದ್ಧತಿಯನ್ನು ತೋರಿಸಿದ. ಸಾಲಿಗೊಂದು ಗುರುತು, ಪದ್ಯಕ್ಕೊಂದು ಗುರುತು, ಟಿಪ್ಪಣಿಗೊಂದು ಗುರುತು. ವಚನದ ಕೊನೆಗೆ ಬರುವ ಹೆಸರು, ಅಂಕಿತ, ಅದಕ್ಕೆ ಮಾತ್ರ ಅದರಲ್ಲಿ ಗುರುತಿರಲಿಲ್ಲ. ಎಲ್ಲಿಂದ ಇರಬೇಕು? ಹಾಗಾದರೆ ನೀನೇ ಒಂದು ಮಾಡಿಕೊ, ಆದರೆ ನಿನ್ನದೇ ನೇಮ್‌ಸ್ಪೇಸಿನಲ್ಲಿ ಇಡು ಎಂದ. ಎಕ್ಸ್‌ಎಂಎಲ್‌ನಲ್ಲಿ ಗುರುತಿನ ಹೆಸರನ್ನು ಕನ್ನಡದಲ್ಲೇ ಬರೆಯಬಹುದು. ನಾನು 'ಆಯಿ:ಅಂಕಿತ' ಎಂದು ಬರೆದೆ. ಗಣಿತದ ಮಾಸ್ತರಿಕೆ ಮಾಡಿದ 31 ವರ್ಷಗಳಲ್ಲಿ ಅಂಥ ಸಂತೋಷ ನನಗೆ ಸಿಕ್ಕದ್ದು ಕಡಿಮೆ.

ಗೊತ್ತಿಲ್ಲದವರಿಗೆ ಇಲ್ಲಿ ಎರಡು ಮಾತು ಹೇಳಬೇಕು. ಕೋಲನ್ನಿನ ಹಿಂದಿರುವ 'ಆಯಿ' ಎಂಬುದು ಕರೆಯುವ ಹೆಸರು, ಅಷ್ಟೇ. ಫೈಲಿನ ನೆತ್ತಿಯ ಮೇಲೆ, ಆಯಿ ಎಂದರೆ ಇಂಥ ವಿಳಾಸ ಎಂದು ಒಮ್ಮೆ ಸಾರಿರಬೇಕು. ನಿಜವಾದ ಗುರುತು ಆ ವಿಳಾಸ. ನಾನು ಇನ್ನೊಂದು ಫೈಲಿನಲ್ಲಿ 'ಆಯಿ' ಬದಲು 'ಅಜ್ಜಿ' ಎಂದು ಬರೆದು ಅದೇ ವಿಳಾಸ ಕೊಟ್ಟರೆ ಯಂತ್ರಕ್ಕೆ ಎರಡೂ ಒಂದೇ. 'ಆಯಿ' ಎಂದೇ ಬರೆದು ವಿಳಾಸದ ಕೊನೆಗೆ ಒಂದು ಅಡ್ಡಗೀಟು ಹೆಚ್ಚು ಹಾಕಿದರೆ ಆಕೆ ಬೇರೆ ಯಾರೋ. ಇನ್ನೂ ವಿಚಿತ್ರವೆಂದರೆ, ವಿಳಾಸದಲ್ಲಿ ಏನೂ ಇರಬೇಕಾಗಿಲ್ಲ. ವೆಬ್‌ನ ನಿಯಮಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 1999ರ ಜನವರಿಯಲ್ಲಿ ಈ ನಿಯಮ ಹೊರಡಿಸಿದಾಗಲೇ ಇದು ಒಪ್ಪಿತವಾಗಿತ್ತು: ವಿಳಾಸ ಬೇಕು, ಆ ವಿಳಾಸಕ್ಕೆ ಹೋಗಿ ಬಾಗಿಲು ಬಡಿಯುವ ಅಗತ್ಯವಿಲ್ಲ. ನನಗೆ ಸ್ವಂತ ವೆಬ್‌ಸೈಟು ಇರಲಿಲ್ಲವಾಗಿ 'ಟ್ಯಾಗ್' ಎಂಬ ಬಗೆಯ ವಿಳಾಸ ಮಾಡಿಕೊಂಡೆ. ಅದರಲ್ಲಿ ನಮ್ಮ ಇಮೇಲ್, ಒಂದು ತಾರೀಖು, ಒಂದು ಹೆಸರು. ಆ ದಿನ ಆ ಇಮೇಲ್ ಯಾರದಾಗಿತ್ತೋ ಅವರು ಇಟ್ಟ ಹೆಸರು ಎಂದು ಅದರ ಅರ್ಥ. ನಾಳೆ ನಾನು ಸತ್ತು ಇಮೇಲ್ ಇನ್ನೊಬ್ಬರ ಪಾಲಾದರೂ ಹೆಸರು ಕೆಡುವುದಿಲ್ಲ. ನಾನು ಹಾಕಿದ ತಾರೀಖು ಪುಸ್ತಕ ಒಣಗಿದ ದಿನದ್ದು.

ಎಲ್ಲ ಟೈಪು ಮಾಡಿ, ಪೈಥಾನ್‌ನಲ್ಲಿ ನಾಲ್ಕು ಸಾಲಿನ ಸ್ಕ್ರಿಪ್ಟು ಬರೆದು, ಅಂಕಿತಗಳನ್ನೆಲ್ಲ ತೆಗೆದುಕೊಡು ಎಂದೆ. ಕೊಟ್ಟದ್ದು ಖಾಲಿ ಪಟ್ಟಿ. ತಪ್ಪಾಯಿತು ಎಂದೂ ಹೇಳಲಿಲ್ಲ. ಎರಡು ಚೌಕ ಆವರಣ, ನಡುವೆ ಏನೂ ಇಲ್ಲ. ಮೂರು ರಾತ್ರಿ ಅದೇ. ಅಲ್ಲಮನನ್ನು ಓದಿಕೊಂಡವರು ಇಲ್ಲಿ ಬಯಲು, ಶೂನ್ಯ ಎಂದೆಲ್ಲ ಶುರುಮಾಡಬಹುದು, ನಾನು ಮಾಡುವುದಿಲ್ಲ. ಅದು ಶೂನ್ಯವಲ್ಲ, ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬರೀ ಖೇಡ ಎಂದು ಕೇಳಿದ ನನ್ನ ದಡ್ಡತನ. ನಾನು 'ಅಂಕಿತ' ಎಂದು ಹುಡುಕಿದ್ದೆ. ಯಂತ್ರದೊಳಗೆ ಆ ಹೆಸರಿನವರು ಯಾರೂ ಇರಲಿಲ್ಲ. ಕೊನೆಗೆ ಸಿಟ್ಟಿನಿಂದ, ನಿನ್ನ ಹತ್ತಿರ ಇರುವ ಹೆಸರುಗಳನ್ನೆಲ್ಲ ಹೇಳು ಎಂದಾಗ ಬಂದವು: ಪ್ರತಿಯೊಂದರ ಹಿಂದೆಯೂ ಪುಷ್ಪಾವರಣದೊಳಗೆ ಪೂರ್ತಿ ವಿಳಾಸ, ಅದಕ್ಕೆ ಅಂಟಿದಂತೆ ಹೆಸರು. 'ಆಯಿ' ಎಲ್ಲೂ ಇಲ್ಲ. ಎಲಿಮೆಂಟ್‌ಟ್ರೀ ಎಂಬ ಪೈಥಾನ್ ಸಲಕರಣೆ ಫೈಲನ್ನು ಓದುವಾಗಲೇ ಕರೆಯುವ ಹೆಸರನ್ನು ಬಿಸಾಕಿ ವಿಳಾಸವನ್ನಷ್ಟೇ ಇಟ್ಟುಕೊಳ್ಳುತ್ತದೆ. ಅದೇ ಫೈಲನ್ನು ಅದರಿಂದಲೇ ಬರೆಸಿದರೆ 'ಆಯಿ:ಅಂಕಿತ' ಹೋಗಿ 'ಎನ್‌ಎಸ್1:ಅಂಕಿತ' ಆಗಿ ಬರುತ್ತದೆ. ನನ್ನ ಆಯಿ ಎನ್‌ಎಸ್1! ಯಂತ್ರದ ಲೆಕ್ಕದಲ್ಲಿ ಏನೂ ಬದಲಾಗಿಲ್ಲ. ಈ ವಿಳಾಸಕ್ಕೆ ಈ ಹೆಸರನ್ನೇ ಬಳಸು ಎಂದು ಮೊದಲೇ ನೋಂದಾಯಿಸಿದರೆ ಮಾತ್ರ ಆಯಿ ಮರಳಿ ಬರುತ್ತಾಳೆ. ಮಾಡಿದೆ. ಆದರೆ ಆ ಸಣ್ಣ ಗಾಯ ಒಂದೆರಡು ದಿನ ಉಳಿಯಿತು.

ಆಗ ನನಗೆ ಹೊಳೆದದ್ದು, ನಾನು ಹುಡುಕುತ್ತಿದ್ದ ಅಂಕಿತವೂ ಇದೇ ಜಾತಿಯದು ಎಂಬುದು.

ವಚನಗಳಲ್ಲಿ ಮಲ್ಲಿಕಾರ್ಜುನ ಒಬ್ಬನಲ್ಲ. ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನ. ಸೊನ್ನಲಿಗೆಯ ಸಿದ್ಧರಾಮನಿಗೆ ಕಪಿಲಸಿದ್ಧ ಮಲ್ಲಿಕಾರ್ಜುನ. ಮೋಳಿಗೆ ಮಾರಯ್ಯನಿಗೆ ನಿಃಕಳಂಕ ಮಲ್ಲಿಕಾರ್ಜುನ, ಅವನ ಹೆಂಡತಿ ಮಹಾದೇವಿಗೆ ಅದರ ಮೇಲೊಂದು ಇಮ್ಮಡಿ. ಬಸವಣ್ಣನಿಗೆ ಕೂಡಲಸಂಗಮದೇವ, ಚೆನ್ನಬಸವಣ್ಣನಿಗೆ ನಡುವೆ ಒಂದು 'ಚೆನ್ನ' ಸೇರಿದ ಕೂಡಲಚೆನ್ನಸಂಗಮದೇವ. ಓಲೆಗರಿಯ ಸಂಕಲನಗಳಲ್ಲಿ ಎಷ್ಟೋ ಕಡೆ ವಚನಗಳು ಬರೆದವರ ಪ್ರಕಾರವಲ್ಲ, ಸ್ಥಲಗಳ ಪ್ರಕಾರ ಜೋಡಣೆಯಾಗಿವೆ. ಭಕ್ತಸ್ಥಲದಲ್ಲಿ ಬಸವಣ್ಣನ ಪಕ್ಕ ಇನ್ನಾರೋ ಕೂತಿರುತ್ತಾರೆ. ಬಿಜಾಪುರದ ವಕೀಲ ಫ.ಗು. ಹಳಕಟ್ಟಿಯವರು ಮನೆಮನೆಯ ಜಗಲಿಯಿಂದ ಆ ಕಟ್ಟುಗಳನ್ನು ಹೊರತೆಗೆದು 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಅಚ್ಚು ಹಾಕಿಸಿದಾಗ, ಯಾರದು ಯಾವುದು ಎಂದು ಬಿಡಿಸಲು ಕೈಯಲ್ಲಿದ್ದ ದೊಡ್ಡ ಬೀಗದಕೈ ಅಂಕಿತವೇ. ನಮ್ಮ ಪಕ್ಕದ ಸಿಂದಗಿ ತಾಲೂಕಿನಲ್ಲಿ ಹುಟ್ಟಿ ಇನ್ನೊಂದು ಊರಿನ ಹೆಸರನ್ನು ಅಡ್ಡಹೆಸರಾಗಿ ಹೊತ್ತಿದ್ದ ಎಂ.ಎಂ. ಕಲಬುರ್ಗಿಯವರು ದುಡಿದ 15 ಸಂಪುಟಗಳ ಸಮಗ್ರ ವಚನ ಸಂಪುಟದಲ್ಲೂ ಬೆನ್ನೆಲುಬು ಅದೇ. ಬರೆದವರ ಹೆಸರೇ ಕಳೆದುಹೋಗಿ ಅಂಕಿತ ಮಾತ್ರ ಉಳಿದ ವಚನಗಳೂ ಇವೆ. ವಿಳಾಸವಿದೆ, ಬಾಗಿಲು ಬಡಿದರೆ ಯಾರೂ ಇಲ್ಲ.

ಹಾಗಾದರೆ ಅಂಕಿತ ಯಾರ ಹೆಸರು? ದೇವರದೋ, ಹೇಳಿದವರದೋ?

ದೇವರದು ಎಂದರೆ ಒಂದು ದಾರಿ ತೆರೆಯುತ್ತದೆ. ದೇವರು ಒಬ್ಬನೇ ಎಂದು ಸಾರಿದವರ ಬಾಯಲ್ಲಿ ಇಷ್ಟೊಂದು ಹೆಸರು ಇರುವುದು ಕೇವಲ ಕರೆಯುವ ಅನುಕೂಲಕ್ಕೆ. ಆಯಿ ಎಂದರೂ ಎನ್‌ಎಸ್1 ಎಂದರೂ ವಿಳಾಸ ಒಂದೇ. ಮಾತೆ ಮಹಾದೇವಿಯವರು 'ಬಸವ ವಚನ ದೀಪ್ತಿ'ಯಲ್ಲಿ ಕೂಡಲಸಂಗಮದೇವ ಇದ್ದಲ್ಲಿ ಲಿಂಗದೇವ ಎಂದು ತಿದ್ದಿದಾಗ ಎದ್ದ ಗದ್ದಲ ನಮ್ಮ ಕಡೆಯವರಿಗೆ ಇನ್ನೂ ನೆನಪಿದೆ. ರಾಜ್ಯ ಸರ್ಕಾರ 1998ರಲ್ಲಿ ಆ ಪುಸ್ತಕ ನಿಷೇಧಿಸಿತು, 2017ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನಿಷೇಧವನ್ನು ಎತ್ತಿಹಿಡಿಯಿತು. ಸ್ಥಾವರವನ್ನು ಒಪ್ಪದವನ ಬಾಯಲ್ಲಿ ಗುಡಿಯ ದೇವರ ಹೆಸರೇಕೆ, ಅಂಗೈಯ ಲಿಂಗದ ಹೆಸರಿರಲಿ ಎಂಬ ವಾದ ಆಗ ನಮ್ಮ ಕಟ್ಟೆಗಳಲ್ಲೂ ಕೇಳಿಬರುತ್ತಿತ್ತು. ತಳ್ಳಿಹಾಕುವಂಥ ವಾದವಲ್ಲ ಅದು. ಕೂಡಲಸಂಗಮ ನಿಜವಾಗಿ ಒಂದು ಊರು, ಕೃಷ್ಣೆ ಮಲಪ್ರಭೆಯರು ಕೂಡುವ ಜಾಗ, ಅಲ್ಲೊಂದು ಸಂಗಮನಾಥನ ಗುಡಿ. ಈಗ ನಾರಾಯಣಪುರ ಜಲಾಶಯದ ಹಿನ್ನೀರು ನಿಂತು ಬಸವಣ್ಣನ ಐಕ್ಯಸ್ಥಳವನ್ನು ಬಾವಿಯಂಥ ಗೋಡೆಯೊಳಗೆ ಕಾಪಾಡಬೇಕಾಗಿದೆ. ಮೆಟ್ಟಿಲಿಳಿದು ಕೆಳಗೆ ಹೋಗಬೇಕು. ಸಂಗಮದ ರೂಪವೇ ಬದಲಾಗಿದೆ. ಅಂಕಿತ ಮಾತ್ರ ಒಂದಕ್ಷರ ಅಲುಗಿಲ್ಲ.

ಅಲುಗಬಾರದು ಎಂದೇ ನನ್ನ ಮತ. ಏಕೆಂದರೆ ಅಂಕಿತ ದೇವರ ಹೆಸರಲ್ಲ, ಅಥವಾ ಮೊದಲಿಗೆ ಅಲ್ಲ. ಅಂಬಿಗರ ಚೌಡಯ್ಯನನ್ನು ನೋಡಿ: ತನ್ನ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡ, ಹೊಳೆಯ ಮೇಲೆ ನಿಂತು ಮಾತಾಡುವವನ ಗತ್ತಿನಲ್ಲಿ. ಮುಕ್ತಾಯಕ್ಕ ಅಣ್ಣ ಅಜಗಣ್ಣನ ಹೆಸರನ್ನು ಹಾಕಿದಳು. ಅವಳಿಗೆ ದೇವರ ದಾರಿ ಅಣ್ಣನ ಸಾವಿನ ಮೂಲಕವೇ ಹಾದುಹೋಗುತ್ತಿತ್ತು. ಆಯ್ದಕ್ಕಿ ಲಕ್ಕಮ್ಮ ಗಂಡನ ದೇವರನ್ನೇ ಹಿಡಿದಳು, ಆದರೆ 'ಮಾರಯ್ಯಪ್ರಿಯ' ಎಂಬುದನ್ನು ಮುಂದೆ ಸೇರಿಸಿ. ಮುಸಲ್ಮಾನನಾಗಿ ಹುಟ್ಟಿದ ಶರೀಫ ಶಿಶುನಾಳಾಧೀಶ ಎಂದ. ಇವರು ದೇವರಿಗೆ ಹೆಸರಿಡುತ್ತಿಲ್ಲ. ತಾವು ಎಲ್ಲಿ ನಿಂತು ಮಾತಾಡುತ್ತಿದ್ದೇವೆ ಎಂದು ಹೇಳುತ್ತಿದ್ದಾರೆ. ಆ ಜಾಗವನ್ನು ಎತ್ತಿ ಬೇರೆ ಕಡೆ ಇಟ್ಟರೆ ದೇವರಿಗೆ ಏನೂ ಆಗದು, ಮಾತು ಬೇರೆಯವರದಾಗುತ್ತದೆ. ಹರಿದಾಸರಲ್ಲಂತೂ ಅಂಕಿತವನ್ನು ಗುರು ಕೊಡಬೇಕು, ತಾನಾಗಿ ಇಟ್ಟುಕೊಳ್ಳುವ ಹಾಗಿಲ್ಲ. ನೋಂದಣಿ ಕಚೇರಿಯಷ್ಟು ಕಟ್ಟುನಿಟ್ಟು. (ಪುಸ್ತಕ ನಿಷೇಧಿಸುವುದು ನನಗೆ ಒಗ್ಗದ ಕೆಲಸ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮುದ್ರಿತ ಪಾಠ ಹೀಗಿದೆ, ನಾನು ಹೀಗೆ ಓದುತ್ತೇನೆ ಎಂಬ ಎರಡು ಸಾಲಿನ ಅಡಿಟಿಪ್ಪಣಿಯಲ್ಲಿ ಮುಗಿಯಬಹುದಾಗಿದ್ದ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು.)

ಇಷ್ಟು ದೃಢವಾಗಿ ಮತ ಕಟ್ಟಿಕೊಂಡವನಿಗೆ ಸ್ಕ್ರಿಪ್ಟು ಸರಿಯಾದ ದಿನ ಪೆಟ್ಟು ಬಿತ್ತು. ಆಯಿಯ ಅಂಕಿತಗಳನ್ನು ಸಮಗ್ರ ಸಂಪುಟದ ಅಂಕಿತಗಳ ಜೊತೆ ಹೋಲಿಸಿದೆ. 37 ಕಡೆ ಹೊಂದಲಿಲ್ಲ. ಎಲ್ಲೆಲ್ಲಿ ಎಂದು ತೆಗೆದು ನೋಡಿದರೆ ಬಹುಪಾಲು ಒಂದೇ ಬದಲಾವಣೆ. ಅಕ್ಕನ ವಚನ, ಕೊನೆಗೆ ಚೆನ್ನಮಲ್ಲಿಕಾರ್ಜುನ ಬರಬೇಕಾದಲ್ಲಿ ಕಪಿಲಸಿದ್ಧ ಮಲ್ಲಿಕಾರ್ಜುನ. ಅಪ್ಪನ ಕೆಂಪು ಪ್ರಶ್ನೆಗಳು ಕೂತಿದ್ದದ್ದೂ ಅಲ್ಲೇ.

ಆಯಿಯ ತವರು ಸೊಲ್ಲಾಪುರ, ಎಂದರೆ ಹಳೆಯ ಸೊನ್ನಲಿಗೆ. ಕೆರೆಯ ನಡುವಿನ ಸಿದ್ಧರಾಮನ ಗುಡಿ, ಸಂಕ್ರಾಂತಿಯ ಗಡ್ಡಾ ಜಾತ್ರೆ, ಮುಗಿಲೆತ್ತರದ ನಂದಿಧ್ವಜಗಳನ್ನು ನಡು ಕಟ್ಟಿ ಹೊತ್ತು ನಡೆಯುವವರು, ಇವೆಲ್ಲ ಆಕೆಯ ಬಾಲ್ಯ. ನಾಲಗೆಗೆ ರೂಢಿಯಾದ ಮಲ್ಲಿಕಾರ್ಜುನ ಅವನೇ, ಹಾಗಾಗಿ ತಪ್ಪಿ ಬಂದಿದೆ ಎಂದು ಅಪ್ಪ ತಿಳಿದಿದ್ದ. ಬಿ.ಎಸ್ಸಿ. ಓದುವಾಗ ನಾನೂ ಹಾಗೇ ತಿಳಿದು ಒಂದು ದಿನ ತಿದ್ದಲು ಹೋಗಿದ್ದೆ. ಆಯಿ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

'ಗೊತ್ತದ ತಮ್ಮಾ. ಅಕ್ಕನ ಮಲ್ಲಯ್ಯ ಬ್ಯಾರೆ, ನಮ್ಮ ಸೊಲ್ಲಾಪುರದ ಮಲ್ಲಯ್ಯ ಬ್ಯಾರೆ. ಅಕಿಗಿ ಗಂಡ ಬೇಕಾಗಿದ್ದ. ನನಗ್ಯಾಕ ಇನ್ನ ಗಂಡ?'

ಎಂದು ನಕ್ಕಳು. ನಾನೂ ನಕ್ಕೆ. ಮುತ್ಯಾ ಸತ್ತಾಗ ಆಕೆಗೆ ಮೂವತ್ತು ತುಂಬಿರಲಿಲ್ಲ, ಮೂರು ಮಕ್ಕಳು, ಹೊಳೆದಂಡೆಯ ಹೊಲ. ಆ ಮಾತನ್ನು ಚೇಷ್ಟೆ ಎಂದು ಮರೆತು ನಲವತ್ತು ವರ್ಷವಾಗಿತ್ತು. ಪರದೆಯ ಮೇಲೆ 37 ಸಾಲುಗಳು ಒಂದರ ಕೆಳಗೊಂದು ನಿಂತಾಗ ನೆನಪಾಯಿತು.

ಸಿದ್ಧರಾಮನ ಮಲ್ಲಯ್ಯ ಯಾರು? ರಾಘವಾಂಕ ಹೇಳುವ ಕಥೆಯಲ್ಲಿ, ದನ ಕಾಯುವ ಹುಡುಗನ ಮುಂದೆ ಜಂಗಮನಾಗಿ ಬಂದು ಹಸಿವು ಎಂದವನು. ಹುಡುಗ ಓಡಿ ಮನೆಯಿಂದ ಉಣ್ಣಲು ತರುವಷ್ಟರಲ್ಲಿ ಇಲ್ಲ. ಮಲ್ಲಯ್ಯಾ ಎಂದು ಅಳುತ್ತ ಶ್ರೀಶೈಲದವರೆಗೆ ನಡೆದುಹೋಗುತ್ತಾನೆ. ಅಕ್ಕನೂ ಶ್ರೀಶೈಲಕ್ಕೇ ನಡೆದವಳು. ಹೀಗೆ ನೋಡಿದರೆ ಇಬ್ಬರ ಮಲ್ಲಿಕಾರ್ಜುನನ ವಿಳಾಸವೂ ಒಂದೇ ಬೆಟ್ಟ. ಚೆನ್ನ, ಕಪಿಲಸಿದ್ಧ ಎಂಬವು ಬರೀ ಕರೆಯುವ ಹೆಸರುಗಳು, ಆಯಿ ಬದಲಾಯಿಸಿದ್ದರಲ್ಲಿ ಏನೂ ಕೆಟ್ಟಿಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಆಯಿಯೇ ಅದನ್ನು ಒಪ್ಪಲಿಲ್ಲವಲ್ಲ! ಬ್ಯಾರೆ ಎಂದಳು. ಎರಡೂ ಬೇರೆ ಎಂದು ತಿಳಿದೇ ಒಂದನ್ನು ತೆಗೆದು ಇನ್ನೊಂದನ್ನು ಇಟ್ಟಳು. ಗಂಡನನ್ನು ಅರಸುವ ಅಕ್ಕನ ಸಾಲುಗಳು ಆಕೆಯ ಕೊರಳಲ್ಲಿ, ಉಣಿಸಲು ತಂದು ಕಾಣದೆ ಹುಡುಕುವವರ ಸಾಲುಗಳಾದವು. ಉಳಿದ ಪದಗಳೆಲ್ಲ ಹಾಗೇ ಇವೆ. ಕೊನೆಯ ಒಂದು ಹೆಸರಿನಿಂದ ಮೇಲಿನದೆಲ್ಲ ತಿರುಗಿ ನಿಂತಿದೆ. ಅಂಕಿತ ಅಲುಗಬಾರದು ಎಂಬ ನನ್ನ ಮತಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆಯೂ ಇಲ್ಲ, ಇದಕ್ಕಿಂತ ಒಳ್ಳೆಯ ತಕರಾರೂ ಇಲ್ಲ.

ಹಾಗೆಂದು ಆಯಿಯನ್ನು ಪುಸ್ತಕ ತಿದ್ದಿದವರ ಸಾಲಿನಲ್ಲಿ ನಿಲ್ಲಿಸಲಾರೆ. ಆಕೆ ಇದು ಅಕ್ಕ ಹೇಳಿದ್ದು ಎನ್ನಲಿಲ್ಲ. ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ, ಕೇಳುವವರು ಯಾರೂ ಇಲ್ಲದಾಗ, ತಾನು ನಿಂತ ಜಾಗದಿಂದ ಕರೆದಳು.

ಈಗ ಪ್ರಶ್ನೆ ಗುರುತಿನದು. ಟಿಇಐಯಲ್ಲಿ ತಪ್ಪು ಕಂಡಲ್ಲಿ 'ಸಿಕ್' ಎಂದು ಗುರುತಿಸಿ ಪಕ್ಕದಲ್ಲಿ 'ಕಾರ್' ಎಂದು ಸರಿಪಾಠ ಕೊಡಬಹುದು. ಮೊದಲಿಗೆ ಹಾಗೇ ಮಾಡಿದ್ದೆ, 37 ಕಡೆಯೂ. ಸಿಕ್ ಎಂದರೆ ಸಂಪಾದಕನ ಮಟ್ಟಿಗೆ ಇದು ತಪ್ಪು ಎಂದು ಅರ್ಥ. ಅಪ್ಪನ ಕೆಂಪು ಪೆನ್ಸಿಲೇ ಕಂಪ್ಯೂಟರಿಗೆ ಬಂದ ಹಾಗಾಯಿತು, ಅಳಿಸಿದೆ. 'ಒರಿಜ್' ಮತ್ತು 'ರೆಗ್' ಎಂಬ ಇನ್ನೊಂದು ಜೋಡಿಯಿದೆ: ಮೂಲದಲ್ಲಿದ್ದ ರೂಪ, ಅದಕ್ಕೆ ಸಮನಾಗಿ ರೂಢಿಯ ರೂಪ. ಊರ ಮಾತಿನ 'ಐತಿ'ಯನ್ನು 'ಇದೆ' ಮಾಡುವಂಥ ಕೆಲಸಕ್ಕೆ ಅದು ಸರಿ. ಇದು ಉಚ್ಚಾರಣೆಯ ವ್ಯತ್ಯಾಸವಲ್ಲ. ಧಾರವಾಡದ ಗೆಳೆಯನಿಗೆ ಫೋನು ಮಾಡಿ ಕಥೆಯನ್ನೆಲ್ಲ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, ಪಾಠಾಂತರ ಅಂತ ಹಾಕಪಾ ಎಂದ.

ಪಾಠಾಂತರಕ್ಕೆ ಬೇರೆಯೇ ವ್ಯವಸ್ಥೆಯಿದೆ. ಫೈಲಿನ ಮೊದಲಲ್ಲಿ ಸಾಕ್ಷಿಗಳ ಪಟ್ಟಿ ಕೊಡಬೇಕು. ಯಾವ ಓಲೆಕಟ್ಟು, ಯಾವ ಮಠದ ಪ್ರತಿ, ಯಾವ ಮುದ್ರಿತ ಸಂಪುಟ, ಒಂದೊಂದಕ್ಕೆ ಒಂದು ಸಂಕೇತ. ಆಮೇಲೆ ಪ್ರತಿ ಭೇದದಲ್ಲೂ ಈ ಪಾಠಕ್ಕೆ ಈ ಸಾಕ್ಷಿ ಎಂದು ಸಂಕೇತ ಬರೆಯಬೇಕು. ಸರಿ ತಪ್ಪು ಎಂಬ ಮಾತು ಅಲ್ಲಿಲ್ಲ. ನಾನು ಎರಡು ಸಾಕ್ಷಿಗಳನ್ನು ಬರೆದೆ. ಮೊದಲನೆಯದು ಸಮಗ್ರ ವಚನ ಸಂಪುಟ. ಎರಡನೆಯದು: ಸಂಕೇತ, ಆಯಿ, ಸ್ಥಳ, ಅಗರಖೇಡ, ಖಾತೆ ಪುಸ್ತಕ, ನೀಲಿ ಮಸಿ, ನೀರು ತಗುಲಿದ್ದು. ಸ್ಕ್ರಿಪ್ಟನ್ನು ಇದಕ್ಕೆ ತಕ್ಕಂತೆ ತಿದ್ದುವಾಗ ಮತ್ತೆ ವಿಳಾಸ ಬಿಟ್ಟು ಬರೀ ಹೆಸರಿನಿಂದ ಹುಡುಕಿ, ಮತ್ತೆ ಖಾಲಿ ಪಟ್ಟಿ ನೋಡಿದೆ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಅಪ್ಪನ ಪ್ರಶ್ನಾರ್ಥಕಗಳನ್ನು ಬಿಡಲಾಗಲಿಲ್ಲ. ಅವನ್ನೂ ಟಿಪ್ಪಣಿಗಳಾಗಿ ಸೇರಿಸಿದ್ದೇನೆ, ಯಾರ ಕೈಯವು ಎಂಬುದರ ಜೊತೆ ಬಣ್ಣವನ್ನೂ ಬರೆದು: ಕೆಂಪು ಪೆನ್ಸಿಲು.